ಯಾರಿಗೆ ‘ನೀನು’, ಯಾರಿಗೆ ‘ನೀವು’

(ಬಿ.ಎಡ್. ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಎರಡೂವರೆ ವರ್ಷದ ಮಗು ಅಮ್ಮನ ಕೈ ಹಿಡಿದು ಹೊರಗೆ ಹೊರಟಿದೆ ಅಂದುಕೊಳ್ಳಿ. ಹೊಸಿಲು ದಾಟುವಾಗ ಒಳಗಿರುವ ಅಜ್ಜಿಗೆ ಕೂಗಿ ಹೇಳುತ್ತದೆ: ‘ಅಜ್ಜೀ, ಹೋಗ್ತೀನಿ.’ ತಕ್ಷಣ ಮನೆಯ ಮೂರು ಮೂಲೆಯಿಂದ ಮೂರು ದನಿ ಬರುತ್ತವೆ. ‘ಹೋಗ್ತೀನಿ ಅನ್ನಬಾರದು ಪುಟ್ಟಾ, ಬರ್ತೀನಿ ಅನ್ನು.’ ಮಗು ಗಲಿಬಿಲಿಯಿಂದ ಮುಖ ನೋಡುತ್ತದೆ. ಹೋಗ್ತಾ ಇರೋದು ನಿಜ ತಾನೇ? ಆದರೂ ‘ಬರ್ತೀನಿ’ ಅನ್ನುತ್ತದೆ. ಎಲ್ಲರ ಮುಖ ಅರಳುತ್ತದೆ. ಹೀಗೆ ನಾಲ್ಕೈದು ಸಲ ಆದರೆ ಮುಗಿಯಿತು, ಮತ್ತೆ ಯಾರೂ ತಿದ್ದಬೇಕಾಗಿಲ್ಲ. ಇವತ್ತು ಬೆಳಿಗ್ಗೆ ಮನೆಯಿಂದ ಹೊರಡುವಾಗ ನಿಮ್ಮಲ್ಲಿ ಯಾರಾದರೂ ‘ಹೋಗ್ತೀನಿ’ ಅಂದಿರಾ? ಬಾಯಿಗೇ ಬರುವುದಿಲ್ಲ, ಅಲ್ವಾ?

ಯಾಕೆ ಅನ್ನಬಾರದು ಅಂತ ಆ ಮಗುವಿಗೆ ಯಾರೂ ವಿವರಿಸಲಿಲ್ಲ. ಹೋಗುವುದು ಅನ್ನುವ ಮಾತಿಗೆ ಸಾವಿನ ನೆರಳು ಅಂಟಿಕೊಂಡಿದೆ ಅಂತ ಎರಡೂವರೆ ವರ್ಷದ ಕೂಸಿಗೆ ಹೇಳುವುದಾದರೂ ಹೇಗೆ? ಹಳೆಯ ಮನೆಗಳಲ್ಲಿ ‘ದೀಪ ಆರಿಸು’ ಅನ್ನುತ್ತಿರಲಿಲ್ಲ. ‘ದೀಪ ದೊಡ್ಡದು ಮಾಡು’ ಇಲ್ಲವೇ ‘ಶಾಂತ ಮಾಡು’ ಅನ್ನುತ್ತಿದ್ದರು. ಬಳೆ ಒಡೆದರೆ ‘ಬಳೆ ಹೆಚ್ಚಿತು’ ಅನ್ನುತ್ತಿದ್ದರು. ಕಾರಣ ಆಮೇಲೆ ತಿಳಿಯುತ್ತದೆ, ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ. ಆದರೆ ಯಾವುದನ್ನು ಬಾಯಲ್ಲಿ ಆಡಬಾರದು ಅನ್ನೋದು ಮೊದಲೇ ಮೈಗೆ ಹತ್ತಿರುತ್ತದೆ.

ನಿಮ್ಮ ಪಠ್ಯದಲ್ಲಿ ಇದಕ್ಕೆ ಸಾಮಾಜೀಕರಣ ಅಂತ ಹೆಸರು. ಕುಟುಂಬ, ಶಾಲೆ, ಓರಗೆಯವರು, ಮಾಧ್ಯಮ ಅಂತ ಪಟ್ಟಿ ಇರುತ್ತದೆ. ಅದನ್ನು ಪರೀಕ್ಷೆಗೆ ಓದಿಯೇ ಇರುತ್ತೀರಿ, ನಾನು ಮತ್ತೆ ಹೇಳುವುದಿಲ್ಲ. ಒಂದೇ ಒಂದು ಎಳೆ ಹಿಡಿದುಕೊಂಡು ಹೋಗೋಣ. ಕನ್ನಡದ ಮಗು ಯಾರಿಗೆ ‘ನೀನು’, ಯಾರಿಗೆ ‘ನೀವು’ ಅನ್ನಬೇಕು ಅಂತ ಹೇಗೆ ಕಲಿಯುತ್ತದೆ? ಅದನ್ನು ಕಲಿಯುವಾಗ ತಾನು ಯಾರು ಅಂತ ಏನು ತಿಳಿದುಕೊಳ್ಳುತ್ತದೆ?

ಇದು ಮೇಲೆ ಕಾಣುವಷ್ಟು ಸುಲಭದ ಪಾಠ ಅಲ್ಲ. ಮಕ್ಕಳು ಕೇಳಿದ್ದನ್ನು ಹಾಗೇ ತಿರುಗಿಸಿ ಹೇಳುತ್ತವೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಇಲ್ಲಿ ಹಾಗೆ ಮಾಡಿದರೆ ಏಟು ಬೀಳುತ್ತದೆ! ತಾತ ಮಗುವಿಗೆ ‘ಬಾ, ಕೂತ್ಕೋ, ತಿನ್ನು’ ಅನ್ನುತ್ತಾರೆ. ಮಗು ತಾತನಿಗೆ ‘ಬಾ, ಕೂತ್ಕೋ, ತಿನ್ನು’ ಅಂದರೆ ತಪ್ಪು. ಅಂದರೆ ತನಗೆ ಬಂದ ಮಾತನ್ನು ಮಗು ಹಾಗೇ ವಾಪಸು ಕೊಡುವಂತಿಲ್ಲ, ಬದಲಾಯಿಸಿ ಕೊಡಬೇಕು. ಹಾಗೆ ಬದಲಾಯಿಸಬೇಕಾದರೆ ‘ನಾನು ಇಲ್ಲಿದ್ದೀನಿ, ತಾತ ಅಲ್ಲಿದ್ದಾರೆ’ ಅನ್ನುವ ಒಂದು ನಕ್ಷೆ ಅದರ ತಲೆಯೊಳಗೆ ಮೂಡಿರಬೇಕು.

ಇದು ಕಷ್ಟ ಅಂತ ತಾಯಂದಿರಿಗೆ ಗೊತ್ತು. ಅದಕ್ಕೇ ಎಷ್ಟೋ ಮನೆಗಳಲ್ಲಿ ಅಂಬೆಗಾಲಿಡುವ ಕೂಸಿಗೇ ‘ಬನ್ನಿ ಬಂಗಾರಿ, ಊಟ ಮಾಡಿ’ ಅಂತ ಬಹುವಚನ ಹಾಕುತ್ತಾರೆ. ಕೇಳಿದ್ದನ್ನೇ ತಿರುಗಿಸಿ ಹೇಳಿದರೂ ತಪ್ಪಾಗಬಾರದು ಅಂತ. ಇನ್ನೊಂದು ಉಪಾಯವನ್ನೂ ನೋಡಿರುತ್ತೀರಿ. ಅಮ್ಮ ತನ್ನ ಗಂಡನನ್ನೇ ‘ಅಪ್ಪ ಬಂದ್ರು ನೋಡು’ ಅನ್ನುತ್ತಾಳೆ, ತನ್ನ ಅತ್ತೆಯನ್ನು ‘ಅಜ್ಜಿ ಕರೀತಿದ್ದಾರೆ’ ಅನ್ನುತ್ತಾಳೆ. ಮಗು ನಿಂತಿರುವ ಜಾಗದಲ್ಲಿ ತಾನು ನಿಂತು ಮಾತಾಡುತ್ತಾಳೆ. ಮಾತೇ ಬಾರದ ಕೂಸನ್ನು ಎತ್ತಿಕೊಂಡು, ಅದರ ದನಿಯಲ್ಲಿ ತಾನೇ, ‘ಮಾಮಾ, ನಂಗೆ ಏನು ತಂದ್ರಿ?’ ಅಂತ ಕೇಳುತ್ತಾಳೆ.

ಪಪುವಾ ನ್ಯೂಗಿನಿಯ ಮಳೆಕಾಡಿನಲ್ಲಿ ಕಲುಲಿ ಅನ್ನುವ ಜನ ಇದ್ದಾರೆ. ಬಾಂಬಿ ಶೀಫೆಲಿನ್ ಅನ್ನುವ ಮಾನವಶಾಸ್ತ್ರಜ್ಞೆ 1970ರ ದಶಕದಲ್ಲಿ ಅಲ್ಲಿದ್ದು, ಮಕ್ಕಳು ಮಾತು ಕಲಿಯುವುದನ್ನು ದಾಖಲಿಸಿದರು. ಕಲುಲಿ ತಾಯಂದಿರು ಕೂಸಿನ ಮುಖವನ್ನು ಎದುರಿಗಿರುವವರ ಕಡೆ ತಿರುಗಿಸಿ ಹಿಡಿದು, ಕೂಸಿನ ಪರವಾಗಿ ಸಣ್ಣ ದನಿಯಲ್ಲಿ ತಾವೇ ಮಾತಾಡುತ್ತಾರೆ. ಮಗುವಿಗೆ ಮಾತು ಬರಲು ಶುರುವಾದ ಮೇಲೆ ಏನು ಹೇಳಬೇಕೋ ಅದನ್ನು ಹೇಳಿಕೊಟ್ಟು, ಕೊನೆಗೆ ‘ಎಲೆಮ’ ಅನ್ನುತ್ತಾರೆ. ‘ಹೀಗೆ ಹೇಳು’ ಅಂತ ಅರ್ಥ. ನಮ್ಮ ‘ಬರ್ತೀನಿ ಅನ್ನು’ ಇದೆಯಲ್ಲ, ಅದರಲ್ಲಿರುವ ‘ಅನ್ನು’ವೇ ಇದು. ಜಾವಾ ದ್ವೀಪದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಯಾರ ಮುಂದೆ ಯಾವ ಮಟ್ಟದ ಮಾತು ಆಡಬೇಕು ಅನ್ನುವ ಕಟ್ಟು ನಮಗಿಂತ ಜಾಸ್ತಿ. ಅದು ಇನ್ನೂ ತಿಳಿಯದ ಚಿಕ್ಕ ಮಕ್ಕಳನ್ನು ‘ದುರುಂಗ್ ಜಾವ’ ಅನ್ನುತ್ತಾರೆ. ‘ಇನ್ನೂ ಜಾವಾದವನಾಗಿಲ್ಲ’ ಅಂತ! ಜಾವಾದಲ್ಲಿ ಹುಟ್ಟಿದರೆ ಸಾಲದು, ಮಾತಿನ ಮಟ್ಟ ಕಲಿತ ಮೇಲೆ ಜಾವಾದವರಾಗುತ್ತಾರೆ. ಇದನ್ನು ಮೊದಲ ಸಲ ಓದಿದಾಗ ನಾನು ತುಂಬಾ ಹೊತ್ತು ಪುಸ್ತಕ ಮುಚ್ಚಿ ಕೂತಿದ್ದೆ.

ಈಗ ಗಂಟಿನ ಜಾಗಕ್ಕೆ ಬರೋಣ. ಕನ್ನಡದಲ್ಲಿ ‘ನೀನು’ ಅನ್ನೋದು ಅಗೌರವದ ಮಾತಾ? ಅಲ್ಲ. ನಮ್ಮಲ್ಲಿ ಹೆಚ್ಚಿನವರು ತಾಯಿಗೆ ‘ನೀನು’ ಅನ್ನುತ್ತೇವೆ. ದೇವರಿಗೂ ‘ನೀನು’. ಜೀವದ ಗೆಳೆಯನಿಗೆ ‘ನೀವು’ ಅಂದರೆ ಅವನಿಗೆ ನೋವಾಗುತ್ತದೆ. ಆದರೆ ಅದೇ ‘ನೀನು’ವನ್ನು ಕೂಲಿಯವರಿಗೂ ಮನೆಕೆಲಸದವರಿಗೂ ಅನ್ನುತ್ತೇವೆ. ಒಂದೇ ಪದ, ಒಂದು ಕಡೆ ಕರುಳಿನಷ್ಟು ಹತ್ತಿರ, ಇನ್ನೊಂದು ಕಡೆ ಕಾಲಿನಷ್ಟು ಕೆಳಗೆ. ಇವೆರಡನ್ನೂ ಮಗು ಹೇಗೆ ಬೇರೆ ಮಾಡಿ ತಿಳಿಯುತ್ತದೆ?

1960ರಲ್ಲಿ ರೋಜರ್ ಬ್ರೌನ್ ಮತ್ತು ಆಲ್ಬರ್ಟ್ ಗಿಲ್ಮನ್ ಅನ್ನುವವರು ಯೂರೋಪಿನ ಭಾಷೆಗಳನ್ನು ಇಟ್ಟುಕೊಂಡು ಇದೇ ಪ್ರಶ್ನೆ ಕೇಳಿದರು. ಅವರ ಉತ್ತರವನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ‘ನೀನು’ ವಾಪಸು ಬರುತ್ತಾ ಅಂತ ನೋಡಬೇಕು. ಅಮ್ಮ ನನಗೆ ‘ನೀನು’, ನಾನು ಅಮ್ಮನಿಗೆ ‘ನೀನು’. ಹೋಯಿತು, ಬಂತು. ಅದು ಅಕ್ಕರೆ. ನಾನು ‘ನೀನು’ ಅಂದು, ಎದುರಿನವರು ‘ನೀವು’ ಅಂದೇ ತಿರುಗಿ ಮಾತಾಡಬೇಕು ಅನ್ನುವುದಾದರೆ ಅದು ಅಧಿಕಾರ. ಯಾವುದು ವಾಪಸು ಬರುತ್ತದೆ, ಯಾವುದು ಬರುವುದಿಲ್ಲ ಅಂತ ಮಗು ದಿನವಿಡೀ ಗಮನಿಸುತ್ತಿರುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ.

ನಾನು ಹೇಗೆ ಕಲಿತೆ ಅಂತ ಹೇಳಿಬಿಡುತ್ತೇನೆ. ನಮ್ಮದು ಮೈಸೂರು ಸೀಮೆಯ ಹಳ್ಳಿ. ಸ್ವಲ್ಪ ಜಮೀನಿದ್ದ ಮನೆ. ಗದ್ದೆ ಕೆಲಸಕ್ಕೆ ಒಬ್ಬ ಹಿರಿಯರು ಬರುತ್ತಿದ್ದರು. ನಾನು ಏಳು ವರ್ಷದವನಿದ್ದಾಗಲೇ ಅವರಿಗೆ ಅರವತ್ತು ದಾಟಿತ್ತು. ತಲೆಯೆಲ್ಲ ಬೆಳ್ಳಗಾಗಿತ್ತು, ಬಲಗೈಯ ಒಂದು ಬೆರಳು ಕುಡುಗೋಲಿಗೆ ಸಿಕ್ಕಿ ಸೊಟ್ಟಗಾಗಿತ್ತು. ಆ ಸೊಟ್ಟ ಬೆರಳಲ್ಲೇ ನನಗೆ ಹಲಸಿನ ಎಲೆಯ ಪೀಪಿ ಮಾಡಿಕೊಡುತ್ತಿದ್ದರು. ನಾನು ಅವರನ್ನು ‘ಬಾರೋ ಇಲ್ಲಿ’ ಅಂತ ಕರೆಯುತ್ತಿದ್ದೆ. ಅವರು ನನ್ನನ್ನು ‘ಬುದ್ಧಿ’ ಅನ್ನುತ್ತಿದ್ದರು. ‘ಬನ್ನಿ ಬುದ್ಧಿ, ಬದು ಜಾರ್ತದೆ, ನೋಡ್ಕೊಂಡು ಬನ್ನಿ.’ ಏಳು ವರ್ಷದ ಹುಡುಗನಿಗೆ!

ಅದೇ ನಾನು ಪಕ್ಕದ ಮನೆಯ ಅಜ್ಜನಿಗೆ ಒಂದು ದಿನ ‘ನೀನು’ ಅಂದುಬಿಟ್ಟೆ. ನಮ್ಮಜ್ಜಿ ಅಲ್ಲೇ ತಲೆಗೆ ಮೊಟಕಿದರು. ‘ದೊಡ್ಡೋರು ಚಿಕ್ಕೋರು ಗೊತ್ತಾಗಲ್ವಾ?’ ಎರಡು ಗಳಿಗೆಯ ನಂತರ ಅದೇ ಜಗಲಿಯಲ್ಲಿ ನಿಂತು ಆ ಕೆಲಸದ ಹಿರಿಯರಿಗೆ ‘ಲೋ, ಪೀಪಿ ಮಾಡಿಕೊಡೋ’ ಅಂದೆ. ಅಜ್ಜಿ ಸುಮ್ಮನಿದ್ದರು. ಆ ಸುಮ್ಮನಿದ್ದದ್ದು ಮೊಟಕಿದ್ದಕ್ಕಿಂತ ದೊಡ್ಡ ಪಾಠ. ‘ದೊಡ್ಡೋರು’ ಅಂದರೆ ವಯಸ್ಸಾದವರಷ್ಟೇ ಅಲ್ಲ ಅಂತ ನನಗೆ ಅವತ್ತೇ ತಿಳಿದುಹೋಯಿತು. ಜಾತಿ ಅನ್ನುವ ಪದವನ್ನು ನಾನು ಇನ್ನೂ ಕಲಿತೇ ಇರಲಿಲ್ಲ. ಅದರ ವ್ಯಾಕರಣ ಆಗಲೇ ನಾಲಿಗೆ ಮೇಲಿತ್ತು.

ನೀವು ಮುಂದೆ ಮಕ್ಕಳ ಜೊತೆ ಇರುವವರು. ಅದಕ್ಕೇ ಕೇಳಿಕೊಳ್ಳುತ್ತಿದ್ದೇನೆ. ಮಕ್ಕಳನ್ನು ತಿದ್ದಿದ್ದು ನಮಗೆ ನೆನಪಿರುತ್ತದೆ. ಎಲ್ಲಿ ತಿದ್ದದೆ ಬಿಟ್ಟೆವು ಅನ್ನೋದನ್ನೂ ದಯವಿಟ್ಟು ನೋಡಿಕೊಳ್ಳಿ.

ಇದು ಹಳೆಯ ಹಳ್ಳಿಯ ಕಥೆ, ಈಗ ಹಾಗಿಲ್ಲ ಅಂತ ನಿಮಗೆ ಅನ್ನಿಸಬಹುದು. ಎರಡು ವರ್ಷದ ಹಿಂದೆ ಬೆಂಗಳೂರಿನ ನೆಂಟರ ಮನೆಯಲ್ಲಿದ್ದೆ. ಆರು ವರ್ಷದ ಇಬ್ಬರು ಹುಡುಗಿಯರು ಬಾಲ್ಕನಿಯಲ್ಲಿ ಮನೆಯಾಟ ಆಡುತ್ತಿದ್ದರು. ಒಬ್ಬಳು ಅಮ್ಮ, ಇನ್ನೊಬ್ಬಳು ಕೆಲಸದವಳು. ‘ಅಮ್ಮ’ ಪ್ಲಾಸ್ಟಿಕ್ ಕಪ್ಪಿನಲ್ಲಿ ಕಾಫಿ ತಂದಳು. ‘ಕೆಲಸದವಳು’ ಕುರ್ಚಿ ಮೇಲೆ ಕೂರಲು ಹೋದಳು. ‘ಅಲ್ಲಿ ಅಲ್ಲ, ಕೆಳಗೆ ಕೂತ್ಕೋಬೇಕು ನೀನು’ ಅಂದಳು ಅಮ್ಮ. ಆಮೇಲೆ ಕೈಯಲ್ಲಿದ್ದ ಕಪ್ಪನ್ನು ನೋಡಿ ಏನೋ ನೆನಪಾದವಳ ಹಾಗೆ ಒಳಗೆ ಓಡಿ, ಹಳೆಯ ಸ್ಟೀಲ್ ಲೋಟ ತಂದು ಕೊಟ್ಟಳು. ‘ನಿಂದು ಇದು.’

ಆ ಮನೆಯ ಯಜಮಾನಿ ಒಳ್ಳೆಯ ಹೆಣ್ಣುಮಗಳು. ಕೆಲಸದಾಕೆಯ ಮಗನ ಶಾಲೆಯ ಫೀಸು ಕಟ್ಟುತ್ತಾರೆ. ‘ಅವಳಿಗೆ ಬೇರೆ ಲೋಟ’ ಅಂತ ಮಗಳಿಗೆ ಯಾವತ್ತೂ ಹೇಳಿದವರಲ್ಲ. ಲೋಟ ಸಿಂಕಿನ ಪಕ್ಕದ ಕಿಟಕಿ ಮೇಲೆ ಬೇರೆಯಾಗಿ ಇರುತ್ತಿತ್ತು, ಅಷ್ಟೇ. ಮಗು ಅದನ್ನು ಓದಿಕೊಂಡಿತ್ತು.

ಜಾರ್ಜ್ ಹರ್ಬರ್ಟ್ ಮೀಡ್ ಹೆಸರು ನಿಮ್ಮ ಪಠ್ಯದಲ್ಲಿದೆ. ಮಕ್ಕಳು ಆಟದಲ್ಲಿ ಬೇರೆಯವರ ಪಾತ್ರ ಹಾಕಿಕೊಂಡು ‘ನಾನು’ ಅನ್ನೋದನ್ನು ಕಟ್ಟಿಕೊಳ್ಳುತ್ತಾರೆ ಅಂದವರು ಅವರು. ಅಮ್ಮನಾಗಿ, ಟೀಚರ್ ಆಗಿ, ಅಂಗಡಿಯವರಾಗಿ ಆಡಿ, ಆ ಕಡೆಯಿಂದ ತನ್ನನ್ನು ತಾನು ನೋಡಲು ಮಗು ಕಲಿಯುತ್ತದೆ. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಬರುತ್ತದೆ. ಆದರೆ ಆ ಬಾಲ್ಕನಿಯಲ್ಲಿ ನನಗೆ ಕಂಡಿದ್ದು ಕೆಳಗೆ ಕೂತ ಹುಡುಗಿ. ಅವಳು ಒಂದು ಮಾತೂ ಆಡದೆ ಲೋಟ ತೆಗೆದುಕೊಂಡಳು. ಕೆಳಗೆ ಕೂರುವ ಪಾಠವೂ ಅವಳಿಗೆ ಬರುತ್ತಿತ್ತು.

ಈಗ ಶಾಲೆಯ ವಿಷಯ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ.

ನಮ್ಮ ಕಡೆಯ ಹಳ್ಳಿ ಮನೆಗಳಲ್ಲಿ ‘ಅವ್ವ ಬಂತು’ ಅನ್ನುತ್ತಾರೆ. ‘ಅವ್ವ ಉಣ್ತಾ ಅದೆ’, ‘ಅಜ್ಜಿ ಮಲಗ್ಯದೆ’. ಪುಸ್ತಕದ ವ್ಯಾಕರಣದ ಪ್ರಕಾರ ಅದು ನಪುಂಸಕ ಲಿಂಗ. ಆದರೆ ಆ ಮಾತಾಡುವವರ ಬಾಯಲ್ಲಿ ಅದರಷ್ಟು ಮೆತ್ತಗಿನ ಮಾತು ಇನ್ನೊಂದಿಲ್ಲ. ‘ಬಂದಳು’ ಅಂದರೆ ಒರಟು, ‘ಬಂದರು’ ಅಂದರೆ ದೂರ. ನಡುವೆ ಇರುವುದು ‘ಬಂತು’. ನಾನು ಎರಡನೇ ತರಗತಿಯಲ್ಲಿದ್ದಾಗ ಒಬ್ಬ ಹುಡುಗ ಎದ್ದು ನಿಂತು, ‘ಸಾ, ನಮ್ಮವ್ವ ಬಂತು’ ಅಂದ. ಬಾಗಿಲಲ್ಲಿ ಅವನ ತಾಯಿ ಬುತ್ತಿ ಹಿಡಿದುಕೊಂಡು ನಿಂತಿದ್ದರು. ಮೇಷ್ಟ್ರು ಕೇಳಿದರು: ‘ಬಂತು ಅನ್ನೋಕೆ ನಿಮ್ಮವ್ವ ಏನು ಎಮ್ಮೆಯಾ?’ ಇಡೀ ತರಗತಿ ನಕ್ಕಿತು. ನಾನೂ ನಕ್ಕೆ. ನಮ್ಮ ಮನೆಯಲ್ಲೂ ‘ಅಜ್ಜಿ ಬಂತು’ ಅಂತಲೇ ಅನ್ನುತ್ತಿದ್ದದ್ದು! ಆ ತಾಯಿ ಸೆರಗು ಬಾಯಿಗೆ ಹಿಡಿದು, ಬುತ್ತಿಯನ್ನು ಹೊಸಿಲ ಮೇಲಿಟ್ಟು ಹೊರಟುಹೋದರು. ಆಮೇಲೆ ಆ ಹುಡುಗ ತರಗತಿಯಲ್ಲಿ ಬಾಯಿ ಬಿಟ್ಟಿದ್ದು ಕಡಿಮೆ.

ಅವತ್ತು ಅವನು ಶಿಷ್ಟ ಕನ್ನಡವನ್ನೇನೂ ಕಲಿಯಲಿಲ್ಲ. ತನ್ನ ಅವ್ವನ ಮಾತು ನಗುವಂಥದ್ದು ಅಂತ ಕಲಿತ. ಚಾರ್ಲ್ಸ್ ಕೂಲಿ ಅನ್ನುವ ಸಮಾಜಶಾಸ್ತ್ರಜ್ಞರು 1902ರಲ್ಲೇ ಹೇಳಿದ್ದರು, ಬೇರೆಯವರ ಮುಖ ನಮಗೆ ಕನ್ನಡಿ ಅಂತ. ಅವರ ಕಣ್ಣಿಗೆ ನಾನು ಹೇಗೆ ಕಾಣುತ್ತೇನೆ, ಅದನ್ನು ನೋಡಿ ಅವರು ಏನಂದುಕೊಂಡರು ಅಂತ ಊಹಿಸಿ, ಅದರಿಂದ ಹೆಮ್ಮೆಯನ್ನೋ ನಾಚಿಕೆಯನ್ನೋ ಪಡುತ್ತೇವೆ. ಆ ಹುಡುಗನ ಮುಂದೆ ಅವತ್ತು ನಲವತ್ತು ಕನ್ನಡಿ ಇದ್ದವು. ಅದರಲ್ಲಿ ಒಂದು ನಾನು.

ಅಂಬೇಡ್ಕರ್ ಅವರು ತಮ್ಮ ಬಾಲ್ಯದ ಬಗ್ಗೆ ಬರೆದಿರುವುದನ್ನು ನೀವು ಓದಲೇಬೇಕು. 1901ರಲ್ಲಿ, ಸುಮಾರು ಹತ್ತು ವರ್ಷದ ಹುಡುಗ, ಮನೆಯ ಬೇರೆ ಮಕ್ಕಳ ಜೊತೆ, ತಂದೆ ಕೆಲಸ ಮಾಡುತ್ತಿದ್ದ ಊರಿಗೆ ರೈಲಿನಲ್ಲಿ ಹೊರಟಿದ್ದರು. ಸ್ಟೇಷನ್ನಿನಲ್ಲಿ ಜಾತಿ ಗೊತ್ತಾದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡರಷ್ಟು ಬಾಡಿಗೆಗೆ ಒಬ್ಬ ಒಪ್ಪಿದ. ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಅಂದ. ಈ ಘಟನೆ ತುಂಬಾ ಜನಕ್ಕೆ ಗೊತ್ತು. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಪಕ್ಕದಲ್ಲೇ ಅವರು ಹೇಳುವ ಇನ್ನೊಂದು ಸಂಗತಿ. ತಾನು ಅಸ್ಪೃಶ್ಯ ಅನ್ನೋದು ಅವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು. ತಿಳಿಸಿದ್ದು ಶಾಲೆ. ತರಗತಿಯ ಮೂಲೆಯಲ್ಲಿ ಬೇರೆ ಕೂರಬೇಕು. ಕೂರಲು ಗೋಣಿತಟ್ಟನ್ನು ಮನೆಯಿಂದ ತಂದು, ಸಂಜೆ ಮನೆಗೇ ಒಯ್ಯಬೇಕು. ಶಾಲೆ ಗುಡಿಸುವವನೂ ಅದನ್ನು ಮುಟ್ಟುತ್ತಿರಲಿಲ್ಲ. ಬಾಯಾರಿದರೆ ಜವಾನ ಬಂದು ನಲ್ಲಿ ತಿರುಗಿಸಬೇಕು. ಜವಾನ ಇಲ್ಲದ ದಿನ ನೀರಿಲ್ಲ. ಇದನ್ನು ಓದುವಾಗೆಲ್ಲ ನನಗೆ ಆ ಗೋಣಿತಟ್ಟು ಕಣ್ಣಿಗೆ ಬರುತ್ತದೆ. ಪುಟ್ಟ ಕೈಯಲ್ಲಿ ಅದನ್ನು ಸುತ್ತಿಕೊಂಡು ದಿನಾ ಮನೆಗೆ ಹೋಗುವ ಹುಡುಗನಿಗೆ ‘ನೀನು ಯಾರು’ ಅಂತ ಬೇರೆ ಪಾಠ ಬೇಕಾ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಕೋಲಿನ ವಿಷಯ ನಿಮಗೆಲ್ಲ ಗೊತ್ತು. ಕರೆಯುವ ಬಗೆಯ ಬಗ್ಗೆ ಯಾರೂ ಜಾಸ್ತಿ ಹೇಳುವುದಿಲ್ಲ. ನಾಳೆ ಹಾಜರಿ ಕರೆಯುವಾಗ ನಿಮ್ಮ ದನಿಯನ್ನೇ ನೀವು ಕೇಳಿಸಿಕೊಳ್ಳಿ. ಡಾಕ್ಟರ ಮಗಳಿಗೆ ‘ಬಾಮ್ಮ’, ಗಾರೆ ಕೆಲಸದವರ ಮಗನಿಗೆ ‘ಏಯ್, ನೀನೇ ಕಣೋ’ ಅನ್ನುತ್ತಿದ್ದೀರಾ? ಮಕ್ಕಳು ಅದನ್ನು ಪಾಠಕ್ಕಿಂತ ಮೊದಲು ಬರೆದುಕೊಳ್ಳುತ್ತಾರೆ. ಯಾರ ಅಪ್ಪ ಬಂದರೆ ಮೇಷ್ಟ್ರು ಕುರ್ಚಿಯಿಂದ ಏಳುತ್ತಾರೆ, ಯಾರ ಅಪ್ಪ ಬಂದರೆ ಏಳುವುದಿಲ್ಲ ಅಂತಲೂ ಬರೆದುಕೊಳ್ಳುತ್ತಾರೆ.

ಒಂದು ಸಲ ಮೈಗೆ ಹತ್ತಿದ್ದು ಬಿಡುತ್ತದಾ? ಬಿಡುತ್ತದೆ. ಸ್ವೀಡನ್ನಿನ ಉದಾಹರಣೆ ಇದೆ. ಅಲ್ಲಿ ಮೊದಲು ಎದುರಿಗಿರುವವರನ್ನು ನೇರವಾಗಿ ‘ನೀವು’ ಅನ್ನುವುದೂ ಇರುಸುಮುರುಸು. ‘ಡಾಕ್ಟರು ಕಾಫಿ ಕುಡಿಯುತ್ತಾರಾ?’ ಅಂತ ಡಾಕ್ಟರನ್ನೇ ಕೇಳುತ್ತಿದ್ದರು. 1967ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿಯ ಮುಖ್ಯಸ್ಥರಾದ ಬ್ರೂರ್ ರೆಕ್ಸೆಡ್, ಕಚೇರಿಯ ಎಲ್ಲರನ್ನೂ ‘ದೂ’ ಅಂತಲೇ ಕರೆಯುತ್ತೇನೆ ಅಂದರು. ‘ದೂ’ ಅಂದರೆ ‘ನೀನು’. ಬದಲಾವಣೆ ಆಗಲೇ ಶುರುವಾಗಿತ್ತು, ಅವರ ಮಾತು ಅದಕ್ಕೆ ಹೆಸರು ತಂದುಕೊಟ್ಟಿತು. ಸ್ವಲ್ಪ ವರ್ಷಗಳಲ್ಲೇ ದೇಶದ ಹೆಚ್ಚಿನ ಜನ ಒಬ್ಬರಿಗೊಬ್ಬರು ‘ದೂ’ ಅನ್ನತೊಡಗಿದರು. ದೊಡ್ಡವರಾಗಿ ಬಲಿತ ನಾಲಿಗೆಗಳೇ ಹೊರಳಿದವು.

ನನ್ನ ನಾಲಿಗೆ ಹೊರಳಿದ್ದು ಡಿಗ್ರಿ ಓದುವಾಗ. ರಜೆಗೆ ಊರಿಗೆ ಹೋಗಿದ್ದೆ. ಆ ಹಿರಿಯರು ಕೊಟ್ಟಿಗೆ ಹತ್ತಿರ ಹಗ್ಗ ಹೊಸೆಯುತ್ತಾ ಕೂತಿದ್ದರು. ಹತ್ತಿರ ಹೋಗಿ, ‘ಚೆನ್ನಾಗಿದ್ದೀರಾ? ಊಟ ಆಯ್ತಾ ನಿಮ್ದು?’ ಅಂದೆ. ಅವರು ಹಿಂದೆ ತಿರುಗಿ ನೋಡಿದರು. ಬೇರೆ ಯಾರೋ ಬಂದಿದ್ದಾರೆ ಅಂದುಕೊಂಡಿದ್ದರು. ನಾನು ಅವರನ್ನೇ ಕೇಳಿದ್ದು ಅಂತ ಗೊತ್ತಾದ ಮೇಲೆ ಎದ್ದು ನಿಂತುಬಿಟ್ಟರು. ‘ಹಂಗನ್ಬೇಡಿ ಬುದ್ಧಿ. ನಂಗೆ ಒಂಥರಾ ಆಯ್ತದೆ.’ ಒಳ್ಳೆಯದು ಮಾಡುತ್ತಿದ್ದೇನೆ ಅಂದುಕೊಂಡಿದ್ದ ನನಗೆ ದಿಕ್ಕೇ ತೋಚಲಿಲ್ಲ. ಎಪ್ಪತ್ತು ವರ್ಷ ಅವರೂ ಕಲಿತಿದ್ದರಲ್ಲ? ನನ್ನ ಒಂದು ‘ನೀವು’ ಅದನ್ನೆಲ್ಲ ಅಳಿಸಿಬಿಡಬೇಕು ಅಂತ ನಾನು ಬಯಸಿದ್ದೂ ಒಂದು ಥರದ ಯಜಮಾನಿಕೆಯೇ. ಆದರೂ ಬಿಡಲಿಲ್ಲ. ಮೂರು ನಾಲ್ಕು ರಜೆ ಕಳೆದ ಮೇಲೆ ಅವರು ಎದ್ದು ನಿಲ್ಲುವುದು ನಿಂತಿತು. ‘ಬುದ್ಧಿ’ ಅನ್ನುವುದು ಮಾತ್ರ ಕೊನೆಯವರೆಗೂ ಬಿಡಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಮತದಾರರ ಪಟ್ಟಿ ತಿದ್ದುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮೂರಿನದೇ ಪಟ್ಟಿ. ಅವರ ಕೇರಿಯ ಹಾಳೆಯಲ್ಲಿ ಅವರ ಹೆಸರು ಹುಡುಕಿದೆ. ಸಿಗಲಿಲ್ಲ. ಮನೆ ಸಂಖ್ಯೆ ಹಿಡಿದು ಮತ್ತೆ ನೋಡಿದೆ. ಆ ಹೆಸರಿನ ಕೊನೆಯಲ್ಲಿ ‘ಅಯ್ಯ’ ಇತ್ತು. ಊರಿನಲ್ಲಿ ಯಾರೂ ಅದನ್ನು ಸೇರಿಸಿ ಕರೆದದ್ದನ್ನು ನಾನು ಕೇಳಿರಲಿಲ್ಲ. ಅರ್ಧ ಹೆಸರನ್ನೇ ಪೂರ್ತಿ ಹೆಸರು ಅಂತ ಇಪ್ಪತ್ತು ವರ್ಷ ತಿಳಿದಿದ್ದೆ.

ಈ ‘ಅಯ್ಯ’ ಸುಮ್ನೆ ಬಂದ ಎರಡು ಅಕ್ಷರ ಅಲ್ಲ. ಹನ್ನೆರಡನೇ ಶತಮಾನದ ಶರಣರ ಹೆಸರುಗಳನ್ನು ಒಂದು ಸಲ ಜೋರಾಗಿ ಹೇಳಿ ನೋಡಿ. ಮಾದಾರ ಚೆನ್ನಯ್ಯ. ಡೋಹರ ಕಕ್ಕಯ್ಯ. ಮಡಿವಾಳ ಮಾಚಯ್ಯ. ಅಂಬಿಗರ ಚೌಡಯ್ಯ. ನುಲಿಯ ಚಂದಯ್ಯ. ಆಯ್ದಕ್ಕಿ ಲಕ್ಕಮ್ಮ. ಕದಿರ ರೆಮ್ಮವ್ವ. ಕಸುಬು ಮುಂದೆ, ಅಯ್ಯ, ಅಮ್ಮ, ಅವ್ವ ಹಿಂದೆ. ಚರ್ಮ ಹದ ಮಾಡುವವರೂ ಬಟ್ಟೆ ಒಗೆಯುವವರೂ ದೋಣಿ ನಡೆಸುವವರೂ ಹಗ್ಗ ಹೊಸೆಯುವವರೂ ನೂಲು ತೆಗೆಯುವವರೂ ಪೂರ್ತಿ ಹೆಸರಿನಲ್ಲಿ ನಮಗೆ ಸಿಕ್ಕಿದ್ದಾರೆ. ಬಸವಣ್ಣನವರು ಒಂದು ವಚನದಲ್ಲಿ ಮಾದಾರ ಚೆನ್ನಯ್ಯನವರನ್ನು ಅಪ್ಪ ಅಂತಲೂ, ಡೋಹರ ಕಕ್ಕಯ್ಯನವರನ್ನು ಬೊಪ್ಪ (ಅದೂ ತಂದೆಯೇ) ಅಂತಲೂ, ಕಿನ್ನರಿ ಬೊಮ್ಮಯ್ಯನವರನ್ನು ಅಣ್ಣ ಅಂತಲೂ ಕರೆದುಕೊಂಡರು. ಮಗು ಮನೆಯಲ್ಲಿ ಮೊದಲು ಕಲಿಯುವ ಪದಗಳು ಇವು. ಅವನ್ನೇ ಎತ್ತಿಕೊಂಡು ಹೊಸಿಲು ದಾಟಿಸಿದರು. ಸ್ವೀಡನ್ನಿನವರು ಎಲ್ಲರನ್ನೂ ‘ನೀನು’ಗೆ ಇಳಿಸಿ ಸಮ ಮಾಡಿದರೆ, ನಮ್ಮ ಶರಣರು ಎಲ್ಲರನ್ನೂ ‘ಅಯ್ಯ’ಕ್ಕೆ ಏರಿಸಿ ಸಮ ಮಾಡಲು ಹೊರಟವರು. ಎಂಟುನೂರು ವರ್ಷದ ಮೇಲೂ ನಮ್ಮ ಜಗಲಿಯಲ್ಲಿ ಆ ‘ಅಯ್ಯ’ ಬಿದ್ದುಹೋಗಿತ್ತು ಅನ್ನೋದು ನನಗೆ ಈಗಲೂ ಸಂಕಟ ಕೊಡುತ್ತದೆ.

ಆ ಹಿರಿಯರು ಈಗಿಲ್ಲ. ಅವರ ಮೊಮ್ಮಗ ಓದಿ ಕೆಲಸದಲ್ಲಿದ್ದಾರೆ. ನನಗೆ ಫೋನ್ ಮಾಡಿದರೆ ‘ಅಣ್ಣ’ ಅನ್ನುತ್ತಾರೆ, ಒಂದು ಸಲವೂ ‘ಬುದ್ಧಿ’ ಅಂದಿಲ್ಲ. ಹೋದ ವರ್ಷ ಊರಿನಲ್ಲಿ ಹೊಸ ಮನೆ ಕಟ್ಟಿಸಿದರು. ಗೃಹಪ್ರವೇಶಕ್ಕೆ ಹೋಗಿದ್ದೆ. ಬಾಗಿಲ ಪಕ್ಕ ಕಪ್ಪು ಗ್ರಾನೈಟಿನಲ್ಲಿ ತಾತನ ಹೆಸರು ಕೆತ್ತಿಸಿದ್ದಾರೆ. ಕೊನೆಯ ‘ಅಯ್ಯ’ ಸೇರಿ, ಪೂರ್ತಿಯಾಗಿ. ನಾನು ನೋಡುತ್ತಾ ನಿಂತಿದ್ದಾಗ ಅವರ ಪುಟ್ಟ ಮಗಳು ಬಂದು ಪಕ್ಕದಲ್ಲಿ ನಿಂತು, ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಜೋರಾಗಿ ಓದಿದಳು.